ಆರು ಚಕ್ಕೋತ ಮರಗಳು

ಶರತ್ಕಾಲ ಮುಗಿಯುವ ಹೊತ್ತಿಗೆ ಚಗಳಿ ಇರುವೆಗಳು ಕಿತ್ತಳೆ ಮರಗಳನ್ನು ಬಿಟ್ಟು ಹೊರಡುತ್ತವೆ. ಟಾಮ್ ಪುಯ್‌ಲಾಮ್ ಬುದ್ಧಿ ಬಂದಾಗಿನಿಂದ ಆ ಪ್ರಯಾಣವನ್ನು ನೋಡುತ್ತ ಬಂದಿದ್ದ. ಮರದಿಂದ ಮರಕ್ಕೆ ಕಟ್ಟಿದ ಬಿದಿರ ಗಳಗಳ ಮೇಲೆ, ಬಾಯಲ್ಲಿ ಬಿಳಿಯ ಮರಿಗಳನ್ನು ಕಚ್ಚಿಕೊಂಡು, ಅವು ತೋಟದ ನಡುವಿನ ಆರು ಚಕ್ಕೋತ ಮರಗಳ ಕಡೆಗೆ ಸಾಲುಗಟ್ಟಿ ಸಾಗುತ್ತವೆ. ಕಿತ್ತಳೆಯ ಎಲೆ ಸಣ್ಣದು, ಕೊಂಬೆ ವಿರಳ. ಉತ್ತರದ ಗಾಳಿ ಅದರೊಳಗೆ ಸಲೀಸಾಗಿ ನುಗ್ಗುತ್ತದೆ. ಚಕ್ಕೋತದ ಎಲೆ ಅಂಗೈಯಷ್ಟು ಅಗಲ, ತೊಗಲಿನಷ್ಟು ದಪ್ಪ. ಅದರ ನೆತ್ತಿಯೊಳಗೆ ಹೆಣೆದ ಗೂಡು ಬೆಚ್ಚಗಿರುತ್ತದೆ. ಎಲೆಯಡಿಯ ಹೇನುಗಳು ಒಸರುವ ಸಿಹಿ ಅಂಟು ಚಳಿಯಲ್ಲೂ ಒಂದಿಷ್ಟು ಸಿಗುತ್ತದೆ. ವಸಂತ ಬಂದಾಗ ಇರುವೆಗಳು ಅದೇ ಗಳಗಳ ಮೇಲೆ ಮರಳಿ ಬಂದು, ಹೂವು ಕಾಯಾಗುವಷ್ಟರಲ್ಲಿ ಕಿತ್ತಳೆಯ ಪ್ರತಿ ಕೊಂಬೆಯಲ್ಲೂ ಕಾವಲು ನಿಂತಿರುತ್ತವೆ. ಹಸಿರು ತಿಗಣೆಯೊಂದು ಎಳೆಗಾಯಿಗೆ ಸೂಜಿಬಾಯಿ ಇಡುವ ಮೊದಲೇ ಅದರ ಆರು ಕಾಲುಗಳನ್ನು ಆರು ದಿಕ್ಕಿಗೆ ಎಳೆದು ಹರಿದುಹಾಕುತ್ತವೆ. ಸುತ್ತಲಿನ ಊರುಗಳೆಲ್ಲ ಔಷಧಿ ಹೊಡೆಯಲು ತೊಡಗಿದ ಮೇಲೂ ಈ ಊರಿನ ತೋಟಕ್ಕೆ ಅದರ ಅಗತ್ಯ ಬಿದ್ದಿರಲಿಲ್ಲ.

ಆ ವರ್ಷವೂ ಅವು ಹೊರಟವು. ಮರಗಳಿಗೆ ಬೇರೆಬೇರೆ ಒಡೆಯರು ಬಂದಿದ್ದಾರೆ ಎಂಬುದು ಅವುಗಳಿಗೆ ಗೊತ್ತಿರಲಿಲ್ಲ.

ಪುಯ್‌ಲಾಮ್ ಏಣಿಯ ಮೇಲೆ ನಿಂತು, ಸಡಿಲವಾಗಿದ್ದ ಗಳವೊಂದನ್ನು ಚಕ್ಕೋತದ ಕೊಂಬೆಗೆ ಬಿಗಿಯುತ್ತಿದ್ದ.

“ಕಟ್ಟು, ಕಟ್ಟು. ನಿನ್ನ ಇರುವೆಗಳನ್ನೆಲ್ಲ ನನ್ನ ಮರಕ್ಕೆ ನೆಂಟರ ಹಾಗೆ ಕಳಿಸ್ಕೊಡು,” ಎಂದು ಕೆಳಗಿನಿಂದ ದನಿ ಬಂತು.

ಅತ್ತಿಗೆ ಕಾಮ್‌ತೋ. ತೀರಿಕೊಂಡ ಅಣ್ಣ ಪುಯ್‌ಸಾಮ್‌ನ ಹೆಂಡತಿ. ಬೆನ್ನ ಮೇಲಿನ ಬುಟ್ಟಿಯಲ್ಲಿ ಮಾರಾಟವಾಗದೆ ಉಳಿದ ನಾಲ್ಕಾರು ಚಕ್ಕೋತ ಹಣ್ಣುಗಳಿದ್ದವು.

“ನೆಂಟರೇ ಅಲ್ವಾ ಅತ್ತಿಗೆ? ಚಳಿ ಕಳೀತಿದ್ದ ಹಾಗೆ ಅವೇ ಹೊರಟುಹೋಗ್ತಾವೆ.”

“ಉಂಡು ಕೈ ತೊಳೆದು ಹೋಗೋ ನೆಂಟರು. ನನ್ನ ಮನೇಲಿ ಉಣ್ಣೋಕೇನಿದೆ? ಹುಣ್ಣಿಮೆ ಹಬ್ಬದಿಂದ ಈ ಹಣ್ಣು ಹೊತ್ತು ಹೊತ್ತು ನನ್ನ ಬೆನ್ನು ಬಗ್ಗಿಹೋಯ್ತು. ಜನ ಮೂಸಿ, ಹುಳಿ ಅಂತ ಮುಖ ಕಿವುಚಿ, ಇಟ್ಟು ಹೋಗ್ತಾರೆ.” ಅವಳು ಬುಟ್ಟಿಯನ್ನು ಇಳಿಸಿದಳು. “ಕೇಳು, ಇವನ್ನ ಕಡಿಸ್ತೀನಿ. ಈ ಜಾಗಕ್ಕೆ ಕಿತ್ತಳೆ ಸಸಿ ಹಾಕ್ತೀನಿ.”

ಪುಯ್‌ಲಾಮ್‌ನ ಕೈ ಹುರಿಯ ಮೇಲೆ ನಿಂತಿತು. “ಕಡಿದ್ರೆ ಇರುವೆ ಚಳೀಲಿ ಸಾಯ್ತಾವೆ. ಅವು ಹೋದ್ರೆ ಇಡೀ ತೋಟ ಹೋಗುತ್ತೆ.”

“ಇಡೀ ತೋಟ ಯಾರದಪ್ಪಾ? ಪೂರ್ವದ ಸಾಲು ನಿನ್ನದು. ಕೆರೆಯಂಚಿನ ಸಾಲು ಸೂಯ್‌ಕುನ್‌ದು. ನಿಮ್ಮೆಲ್ಲರ ಇರುವೆಗೆ ಚಳಿಗಾಲದ ಮನೆ ನನ್ನ ಮರ. ನನಗೆ ಚಳಿಗಾಲಕ್ಕೆ ಏನಿದೆ?”

ಪುಯ್‌ಲಾಮ್ ಹುರಿಯ ಗಂಟನ್ನು ಬಿಗಿದ. ಉತ್ತರವನ್ನು ಹೇಳಬೇಕಾಗಿದ್ದ ಹೊತ್ತು ಕಳೆದ ವಸಂತದಲ್ಲೇ ಮುಗಿದುಹೋಗಿತ್ತು.

ಊರವರೆಲ್ಲ ಒಂದು ತಂಡವಾಗಿ ದುಡಿಯುತ್ತಿದ್ದ ತೋಟವನ್ನು ಮನೆಮನೆಗೆ ಹಂಚಿದ್ದು ಆಗ. ಟಾಮ್ ಕುಲದ ಹಿರಿಯರ ಮಂಟಪದಲ್ಲಿ, ಅಕ್ಕಿಯ ಮಡಕೆಯೊಂದರಲ್ಲಿ ಬಿದಿರ ಚೀಟಿಗಳನ್ನು ಹಾಕಿ ಎತ್ತಿಸಿದ್ದರು. ಪುಯ್‌ಲಾಮ್‌ನ ಕೈಗೆ ಪೂರ್ವದ ಸಾಲು ಬಂದಿತ್ತು: ಬೆಳಗಿನ ಬಿಸಿಲು ಮೊದಲು ಬೀಳುವ, ಹಣ್ಣು ಎಲ್ಲಕ್ಕಿಂತ ಸಿಹಿಯಾಗುವ ಸಾಲು. ಗಂಡಸಿಲ್ಲದ ಮನೆಯೆಂದು ಕಾಮ್‌ತೋಳನ್ನು ಸರತಿಯ ಕೊನೆಗೆ ನಿಲ್ಲಿಸಿದ್ದರು. ಮಡಕೆಯಲ್ಲಿ ಉಳಿದ ಒಂದೇ ಚೀಟಿ ಅವಳದಾಯಿತು. ಆರು ಚಕ್ಕೋತಗಳು ಮತ್ತು ಅವುಗಳ ನೆರಳಿನಲ್ಲಿ ಬಡಕಲಾಗಿ ನಿಂತ ಕೆಲವು ಕಿತ್ತಳೆ ಗಿಡಗಳು.

“ಪುಯ್‌ಲಾಮ್, ಇಷ್ಟು ವರ್ಷ ಇರುವೆ ನೋಡ್ಕೊಂಡೋನು ನೀನು. ಏನಾದ್ರೂ ಹೇಳೋದಿದ್ಯಾ?” ಎಂದು ತಂಡದ ಮುಖ್ಯಸ್ಥ ಕೇಳಿದ್ದ.

ಹೇಳುವುದಿತ್ತು. ಚಕ್ಕೋತಗಳನ್ನು ಪಾಲಿಗೆ ಸೇರಿಸಬಾರದು, ಅವು ಊರಿಗೆಲ್ಲ ಸೇರಿದವಾಗಿ ಉಳಿಯಬೇಕು. ಆದರೆ ಹಾಗೆಂದರೆ ಅತ್ತಿಗೆಯ ಪಾಲು ಬರಿದಾಗುತ್ತಿತ್ತು. ಎಲ್ಲರ ಚೀಟಿಗಳೂ ಮಡಕೆಗೆ ಮರಳಿ ಹೊಸದಾಗಿ ಎತ್ತಬೇಕಾಗುತ್ತಿತ್ತು. ಪೂರ್ವದ ಸಾಲಿನ ಚೀಟಿ ಅವನ ಮುಷ್ಟಿಯಲ್ಲಿ ಬೆವರಿನಿಂದ ಒದ್ದೆಯಾಗಿತ್ತು.

“ಏನೂ ಇಲ್ಲ,” ಎಂದಿದ್ದ ಪುಯ್‌ಲಾಮ್.

ಏಣಿಯಿಂದಿಳಿದು ಮನೆಗೆ ಹೋದವನು ಹೆಂಡತಿ ಲಿನ್‌ಹೇಯ ಮುಂದೆ ವಿಷಯವಿಟ್ಟ. ನಮ್ಮ ಅರ್ಧ ಸಾಲನ್ನು ಅತ್ತಿಗೆಗೆ ಕೊಟ್ಟು ಆರು ಚಕ್ಕೋತಗಳನ್ನು ನಾವು ತೆಗೆದುಕೊಳ್ಳೋಣ. ಲಿನ್‌ಹೇ ಬಾಣಲೆಯಲ್ಲಿದ್ದ ಉಪ್ಪುಮೀನನ್ನು ತಿರುವಿಹಾಕಿದಳು.

“ಮದುವೆಯಾಗಿ ಬಂದಾಗಿಂದ ಪೂರ್ವದ ಸಾಲಿನ ಹಣ್ಣು ಕಿತ್ತಿದ್ದೀನಿ. ಒಂದು ಸಲಾನೂ ನಮ್ಮದು ಅಂತ ಕಿತ್ತಿಲ್ಲ,” ಎಂದಳು. “ಕೊಡಬೇಡಿ ಅನ್ನಲ್ಲ. ಈ ಸಲದ ಹಣ್ಣು ಇಳಿಸಿದ ಮೇಲೆ ಕೊಡಿ. ಮರ ಎಲ್ಲಿಗೂ ಓಡಿಹೋಗಲ್ಲ.”

ಆ ಮಾತಿನಲ್ಲಿ ತಪ್ಪೇನಿರಲಿಲ್ಲ. ಮರುದಿನ ಅವನು ಅದನ್ನೇ ಅತ್ತಿಗೆಯ ಅಂಗಳದಲ್ಲಿ ನಿಂತು ಹೇಳಿದ. ಅವಳು ಬಾತುಗಳಿಗೆ ತೌಡು ಎರಚುತ್ತಿದ್ದಳು.

“ತಿಂದು ಮುಗಿಸಿದ ಮೇಲೆ ಬಟ್ಟಲು ಕೊಡ್ತೀನಿ ಅನ್ನು,” ಎಂದು ನಕ್ಕಳು. ನಗುವಿನಲ್ಲಿ ಮುಳ್ಳಿದ್ದರೂ ಬಾಗಿಲು ಮುಚ್ಚಿರಲಿಲ್ಲ. “ಆಗ್ಲಿ, ಕಾಯ್ತೀನಿ. ಆದ್ರೆ ಒಂದು ಮಾತು. ನಡುಚಳಿಗಾಲದ ದುಂಗ್‌ಜಿ ಹಬ್ಬದ ದಿನ ನಮ್ಮನೆಗೆ ಬಂದು, ನನ್ನ ಕೈಯಿಂದ ಅಕ್ಕಿಯುಂಡೆ ತಿಂದು, ಇದೇ ಮಾತನ್ನ ನಿಮ್ಮಣ್ಣನ ಪಟದ ಮುಂದೆ ಹೇಳಿ ಹೋಗು. ಅವರು ಹೋದ ಮೇಲೆ ಹಬ್ಬದ ದಿನ ಈ ಹೊಸ್ತಿಲನ್ನ ಒಂದು ನರಪಿಳ್ಳೆ ತುಳಿದಿಲ್ಲ.”

“ಬರ್ತೀನಿ ಅತ್ತಿಗೆ.”

“ಲಿನ್‌ಹೇನೂ ಕರ್ಕೊಂಡು ಬಾ. ಶುಂಠಿ ಪಾಕ ಜಾಸ್ತಿ ಮಾಡಿರ್ತೀನಿ.”

ಆ ವರ್ಷ ಹಣ್ಣು ಬಣ್ಣ ತಿರುಗಿದ್ದು ನಿಧಾನವಾಗಿ. ದುಂಗ್‌ಜಿ ಹತ್ತಿರವಾದರೂ ಪೂರ್ವದ ಸಾಲಿನಲ್ಲಿ ಅರ್ಧ ಹಣ್ಣು ಹಸಿರಾಗಿಯೇ ಇತ್ತು. ಅಷ್ಟರಲ್ಲಿ ಪೇಟೆಯ ವ್ಯಾಪಾರಿಯೊಬ್ಬ ಬಂದು, ಚಳಿಯ ಕೊನೆಗೆ ಬರುವ ಹೊಸ ವರ್ಷದವರೆಗೆ ಮರದಲ್ಲೇ ಬಿಟ್ಟು, ಎಲೆಯ ಸಮೇತ ಕಿತ್ತುಕೊಟ್ಟರೆ ಒಳ್ಳೆಯ ಬೆಲೆ ಸಿಗುತ್ತದೆಂದು ಹೇಳಿಹೋದ. ಪುಯ್‌ಲಾಮ್ ಒಪ್ಪಿಕೊಂಡ.

ದುಂಗ್‌ಜಿಯ ಬೆಳಿಗ್ಗೆ ಅತ್ತಿಗೆಯ ಅಡುಗೆಮನೆಯಿಂದ ಬೇಗನೆ ಹೊಗೆಯೆದ್ದಿತು. ಪುಯ್‌ಲಾಮ್ ಅದನ್ನು ತನ್ನ ಹಿತ್ತಿಲಿನಿಂದ ನೋಡಿದ.

“ಹೋಗಲ್ವಾ?” ಎಂದು ಲಿನ್‌ಹೇ ಕೇಳಿದಳು.

“ಹಣ್ಣೇ ಇಳಿದಿಲ್ಲ. ಅಣ್ಣನ ಪಟದ ಮುಂದೆ ನಿಂತು ಏನಂತ ಹೇಳ್ಲಿ? ಇನ್ನೊಂದಿಷ್ಟು ದಿನ ತಡೀ ಅಂತಾನಾ? ಹಣ್ಣು ಇಳಿದ ಮೇಲೇ ಹೋಗಿ ಎಲ್ಲ ಒಟ್ಟಿಗೆ ಮುಗಿಸೋಣ.”

“ಅಕ್ಕ ಕಾಯ್ತಿರ್ತಾರೆ.”

“ಅತ್ತಿಗೆಗೆ ಅರ್ಥವಾಗುತ್ತೆ.”

ಇಬ್ಬರೂ ತಮ್ಮ ಮನೆಯಲ್ಲೇ ಕೂತು ಉಂಡೆ ತಿಂದರು. ಮಧ್ಯಾಹ್ನದವರೆಗೂ ಆಚೆಯ ಹೊಗೆ ಏಳುತ್ತಲೇ ಇತ್ತು. ಪಾಕ ಆರದಂತೆ ಯಾರೋ ಒಲೆಗೆ ಸೌದೆ ಒಡ್ಡುತ್ತಿದ್ದಂತೆ. ಆಮೇಲೆ ನಿಂತಿತು. ಮುಂದಿನ ದಿನಗಳಲ್ಲಿ ತೋಟಕ್ಕೆ ಹೋಗುವಾಗ ಪುಯ್‌ಲಾಮ್ ಅವಳ ಮನೆಯ ಮುಂದಿನ ದಾರಿಯನ್ನು ಬಿಟ್ಟು ಕೆರೆಯ ಬದಿಯಿಂದ ಸುತ್ತಿಕೊಂಡು ಹೋಗತೊಡಗಿದ.

ಉತ್ತರದ ಗಾಳಿ ತಿರುಗಿದ್ದು ಅದಾದ ಮೇಲೆ. ಆಕಾಶ ಸೀಸದ ಬಣ್ಣಕ್ಕೆ ಬಂತು, ಬಾತುಗಳು ಕೆರೆಗಿಳಿಯಲಿಲ್ಲ. ಇಂಥ ಚಳಿಯಲ್ಲಿ ಗೂಡುಗಳು ಹೇಗಿವೆಯೋ ಎಂದು ನೋಡಲು ಬೆಳಿಗ್ಗೆಯೇ ಹೊರಟವನಿಗೆ ತೋಟದ ನಡುವಿನಿಂದ ಗರಗಸದ ಸದ್ದು ಕೇಳಿಸಿತು. ಅವನು ಓಡಿದ.

ಐದು ಮರಗಳು ಉರುಳಿದ್ದವು. ಕಾಮ್‌ತೋಳ ತವರಿನ ಅಣ್ಣನೂ ಅವನ ಜೊತೆಗಾರನೂ ಆರನೆಯದರ ಬುಡದಲ್ಲಿ ಮಂಡಿಯೂರಿದ್ದರು. ಅವಳು ಕೊಂಬೆಗಳನ್ನು ಕತ್ತಿಯಿಂದ ಸವರಿ ಒಂದೆಡೆಗೆ ಒಟ್ಟುತ್ತಿದ್ದಳು.

“ನಿಲ್ಲಿಸಿ! ಅತ್ತಿಗೆ, ನಿಲ್ಲಿಸೋಕೆ ಹೇಳಿ!” ಅವನಿಗೆ ಉಸಿರು ಸಿಗುತ್ತಿರಲಿಲ್ಲ. “ಅರ್ಧ ಸಾಲಲ್ಲ, ಪೂರ್ತಿ ತಗೊಳ್ಳಿ. ಹಣ್ಣಿನ ಸಮೇತ ತಗೊಳ್ಳಿ. ಇವತ್ತೇ, ಈಗಲೇ. ಅದೊಂದು ಮರ ಬಿಡಿ.”

ಗರಗಸ ನಿಂತಿತು. ಕಾಮ್‌ತೋ ಬುಡದತ್ತ ನೋಡಿದಳು. ಕೊಯ್ತ ಅರ್ಧ ದಾಟಿತ್ತು.

“ಇಷ್ಟು ಕೊಯ್ದ ಮೇಲೆ ಮರ ನಿಲ್ಲುತ್ತಾ? ನೀನೇ ಹೇಳು, ತೋಟದೋನು ನೀನು.”

ಎಲೆಗಳ ನಡುವೆ ಗಾಳಿ ಹೊಕ್ಕಾಗಲೆಲ್ಲ ಕೊಯ್ತದೊಳಗೆ ಮರ ಸಣ್ಣಗೆ ಕಿರುಗುಟ್ಟುತ್ತಿತ್ತು.

“ಚಳಿ ಬಂತು ಅಂತ ಇರುವೆಗೋಸ್ಕರ ಓಡಿಬಂದೆ,” ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದಿದ್ದರೆ ಅವನಿಗೆ ಹಗುರವಾಗುತ್ತಿತ್ತು. “ದುಂಗ್‌ಜಿ ದಿನ ನಮ್ಮನೆ ಎಷ್ಟು ದೂರ ಇತ್ತು, ಪುಯ್‌ಲಾಮ್? ಉಂಡೆ ಪಾಕದಲ್ಲಿ ಕರಗಿ ಗಂಜಿಯಾಯ್ತು. ಆಮೇಲೂ ನೋಡ್ದೆ, ನಾಳೆ ಬರ್ತಾನೆ, ನಾಳಿದ್ದು ಬರ್ತಾನೆ ಅಂತ. ನೀನು ಕೆರೆ ಸುತ್ತಿ ಹೋಗೋದನ್ನ ಕಂಡ ದಿನ ಅಣ್ಣನಿಗೆ ಹೇಳಿಕಳಿಸ್ದೆ.”

ಅವಳು ಗರಗಸದವರತ್ತ ತಲೆಯಾಡಿಸಿದಳು. ಗರಗಸ ಮತ್ತೆ ಸಾಗಿತು. ಮರ ಬಿದ್ದಾಗ, ಅದನ್ನು ಪುಯ್‌ಲಾಮ್‌ನ ಸಾಲಿನ ಕಡೆಯ ಕಿತ್ತಳೆಗೆ ಸೇರಿಸಿದ್ದ ಬಿದಿರ ಗಳ ನಡುವೆ ಮುರಿಯಿತು. ಅತ್ತಲಿನ ತುಂಡು ಎಲೆಗಳಡಿಗೆ ಸೇರಿತು. ಇತ್ತಲಿನ ತುಂಡು ಕಿತ್ತಳೆಯ ಕವಲಿಗೆ ಕಟ್ಟಿಕೊಂಡೇ ಬಯಲಿಗೆ ಚಾಚಿ ನಿಂತಿತು.

ಅವನು ಗೋಣಿಚೀಲಗಳನ್ನು ತಂದು, ಬಿದ್ದ ನೆತ್ತಿಗಳೊಳಗೆ ನುಸುಳಿ ಗೂಡುಗಳನ್ನು ಬಿಡಿಸತೊಡಗಿದ. ಚಗಳಿ ಗೂಡಿಗೆ ಕೈಹಾಕಿದವನ ತೋಳು ಮೊಣಕೈಯವರೆಗೆ ಉರಿಯಬೇಕು. ಕಚ್ಚಿದ ಗಾಯಕ್ಕೆ ಹುಳಿರಸ ಚಿಮ್ಮಿಸಿ, ತಲೆ ಕಿತ್ತುಬಂದರೂ ಹಿಡಿತ ಬಿಡದ ಜಾತಿ ಅದು. ಆ ದಿನ ಅವು ಅವನ ಅಂಗೈ ಮೇಲೆ ದಾರಿ ತಪ್ಪಿದವರಂತೆ ಮೆಲ್ಲಗೆ ನಡೆದಾಡಿದವು. ಒಂದೂ ಕಚ್ಚಲಿಲ್ಲ. ಅವನು ಅಂಗೈಯನ್ನು ಮುಚ್ಚಿ, ಹಿಸುಕದಷ್ಟೇ ಒತ್ತಿ ನೋಡಿದ. ಆಗಲೂ ಕಚ್ಚಲಿಲ್ಲ.

ಗೂಡುಗಳನ್ನು ಕಿತ್ತಳೆ ಮರಗಳ ಒಳಗವಲುಗಳಿಗೆ ಕಟ್ಟಿ, ಭತ್ತದ ಹುಲ್ಲು ಸುತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದ. ಎಲ್ಲಕ್ಕಿಂತ ದೊಡ್ಡದನ್ನು, ರಾಣಿ ಅದರಲ್ಲೇ ಇರಬಹುದೆಂಬ ಆಸೆಯಿಂದ, ಮನೆಗೆ ಒಯ್ದು ಒಲೆಯ ಪಕ್ಕದ ಮೊಳೆಗೆ ತೂಗುಹಾಕಿದ.

“ಒಂದೇ ಒಂದು ಇರುವೆ ನನ್ನ ಗಂಜಿಗೆ ಬೀಳ್ಲಿ, ಅದನ್ನೂ ನಿಮ್ಮನ್ನೂ ಒಟ್ಟಿಗೆ ಬೇಯಿಸಿಬಿಡ್ತೀನಿ,” ಎಂದಳು ಲಿನ್‌ಹೇ. ಆದರೆ ಸಂಜೆ ಅವನು ಒಳಗೆ ಬಂದಾಗ ಗೂಡಿನ ಕೆಳಗೆ ಚಿಪ್ಪಿನಲ್ಲಿ ಸಕ್ಕರೆ ನೀರು ಇತ್ತು.

ಒಲೆಯ ಕಾವಿಗೆ ಇರುವೆಗಳು ಹೊರಬಂದವು. ಹೊಗೆ ಹಿಡಿದ ಗೋಡೆಯ ಮೇಲೆ ಎಲೆಗಾಗಿ ಹುಡುಕಾಡಿದವು. ಗೋಡೆಯ ತುದಿಗೆ ಹೋದವು ಹಂಚಿನ ಸಂದಿನಿಂದ ಬರುತ್ತಿದ್ದ ಗಾಳಿಗೆ ಸಿಕ್ಕಿ ಅಲ್ಲೇ ಉದುರಿದವು. ಬೆಳಿಗ್ಗೆ ಅವನು ಏಳುವ ಮೊದಲೇ ಲಿನ್‌ಹೇ ನೆಲ ಗುಡಿಸಿ ಮುಗಿಸಿರುತ್ತಿದ್ದಳು. ಕಸವನ್ನು ಎಲ್ಲಿ ಚೆಲ್ಲಿದಳೆಂದು ಅವನು ಕೇಳುತ್ತಿರಲಿಲ್ಲ. ಒಂದು ದಿನ ಗೂಡನ್ನು ಮುಟ್ಟಿದಾಗ ಅದು ಒಣ ಎಲೆಯಷ್ಟೇ ಹಗುರವಾಗಿತ್ತು. ತೋಟಕ್ಕೆ ಹೋಗಿ ಹುಲ್ಲು ಬಿಚ್ಚಿ ನೋಡಿದ. ಅಲ್ಲಿಯೂ ಅಷ್ಟೇ.

ಹೊಸ ವರ್ಷದ ಹಿಂದಿನ ದಿನ ಊರಿನ ಹೆಂಗಸರೆಲ್ಲ ಚಕ್ಕೋತದ ಎಲೆಗೆ ಬಂದರು. ಹಳೆಯ ವರ್ಷದ ಕೆಡುಕನ್ನು ತೊಳೆಯಲು ಆ ಎಲೆ ಕುದಿಸಿದ ನೀರಿನಲ್ಲೇ ಮೀಯಬೇಕು. ಈ ಸಲ ಏಣಿ ಬೇಕಾಗಲಿಲ್ಲ. ಕಾಮ್‌ತೋ ಒಟ್ಟಿದ ರಾಶಿಯಿಂದ ಬಗ್ಗಿ ಆರಿಸಿಕೊಂಡರು. ಎಲೆ ಬಾಡಿದ್ದರೂ ಪರಿಮಳವಿತ್ತು. ಲಿನ್‌ಹೇ ಕಾಯಿಸಿಕೊಟ್ಟ ನೀರಿನಲ್ಲಿ, ಎಲೆಗಳ ನಡುವೆ, ಹಳದಿಯ ಇರುವೆಯೊಂದು ಕಾಲು ಮಡಚಿಕೊಂಡು ತೇಲುತ್ತಿತ್ತು. ಪುಯ್‌ಲಾಮ್ ಅದನ್ನು ಬೆರಳಿನಿಂದ ಎತ್ತಿ ಕಿಟಕಿಯ ಮೇಲಿಟ್ಟು, ತಣ್ಣಗಾಗುವವರೆಗೆ ಆ ನೀರನ್ನೇ ನೋಡುತ್ತ ಕೂತ. ಹಣ್ಣಿಗೆ ವ್ಯಾಪಾರಿ ಹೇಳಿದ್ದಕ್ಕಿಂತ ಹೆಚ್ಚಿನ ಬೆಲೆಯೇ ಬಂದಿತ್ತು. ಮನೆಯಲ್ಲಿ ಆ ಮಾತನ್ನು ಯಾರೂ ಎತ್ತಲಿಲ್ಲ.

ವಸಂತದಲ್ಲಿ ಹೂ ಬಿಟ್ಟಿತು. ಹೂವಿನ ಹಿಂದೆಯೇ ತಿಗಣೆಗಳು ಬಂದವು. ಹುರುಳಿಕಾಳಿನಷ್ಟು ದಪ್ಪದ ಎಳೆಗಾಯಿಗಳು ತೊಟ್ಟು ಹಳದಿಯಾಗಿ ಉದುರತೊಡಗಿದವು. ಸಾಲಿನಲ್ಲಿ ನಡೆದರೆ ಕಾಲಡಿಯಲ್ಲಿ ಚಟಚಟ ಸದ್ದು.

ಕೆರೆಯಂಚಿನ ಸಾಲಿನ ಸೂಯ್‌ಕುನ್ ಬೆನ್ನಿಗೆ ಔಷಧಿ ಡಬ್ಬಿ ಬಿಗಿದುಕೊಂಡು ಬಂದ. “ಪುಯ್‌ಲಾಮಣ್ಣ, ಹೊಸ ಡಬ್ಬಿ. ನಿನ್ನ ಸಾಲಿಗೂ ಒಂದು ಸುತ್ತು ಹೊಡೆದುಬಿಡ್ಲಾ?”

“ಬೇಡ. ಸ್ವಲ್ಪ ದಿನ ತಡೀತೀನಿ.”

“ಯಾರಿಗೋಸ್ಕರ? ಸತ್ತ ಇರುವೆಗೆ ಬಿಳಿಬಟ್ಟೆ ಉಟ್ಟು ಅಳ್ತಾ ಕೂರ್ತೀಯಾ?” ಎಂದು ನಕ್ಕ ಸೂಯ್‌ಕುನ್, ಅವನ ಮುಖ ನೋಡಿ ನಗು ನಿಲ್ಲಿಸಿದ. “ತಪ್ಪು ತಿಳ್ಕೋಬೇಡಣ್ಣ. ನನಗೂ ಇದರ ನಾತ ಹಿಡಿಸಲ್ಲ. ಮತ್ತೇನು ಮಾಡ್ಲಿ ಹೇಳು?”

ಪುಯ್‌ಲಾಮ್ ಆ ಮಧ್ಯಾಹ್ನವೇ, ಮುಂದೆ ತರುವ ಇರುವೆಗಳು ಔಷಧಿಗೆ ಸಿಗದಂತೆ, ಸೂಯ್‌ಕುನ್‌ನ ಮರಗಳಿಗೆ ಹೋಗುವ ಗಳಗಳನ್ನೆಲ್ಲ ಬಿಚ್ಚಿ ನೆಲಕ್ಕಿಳಿಸಿದ. ಮರುದಿನ ನದಿಯ ಮೇಲ್ದಂಡೆಯ ಬೆಟ್ಟದೂರಿಗೆ ಹೋದ. ಅಲ್ಲಿ ಕೋ ಎಂಬ ಮುದುಕ ಚಗಳಿ ಗೂಡು ಮಾರುತ್ತಿದ್ದ.

ಮುದುಕ ಗೂಡು ತೋರಿಸುವ ಮೊದಲು ಅವನಿಗೊಂದು ಬಟ್ಟಲು ಚಹಾ ಕೊಟ್ಟ.

“ಚಳಿಗಾಲಕ್ಕೆ ಚಕ್ಕೋತ ಇದ್ಯಾ ನಿಮ್ಮಲ್ಲಿ?”

“ಇದೆ.”

“ಎಷ್ಟು ಮರ?”

“ಆರು.”

“ದೊಡ್ಡವಾ? ಮೊನ್ನೆ ಮೊನ್ನೆ ನೆಟ್ಟಿದ್ದಾದ್ರೆ ಪ್ರಯೋಜನ ಇಲ್ಲ, ನೋಡು.”

“ನಮ್ಮಜ್ಜ ನೆಟ್ಟಿದ್ದು. ಇಬ್ಬರು ತಬ್ಬಿದ್ರೂ ಬುಡ ಸಿಗಲ್ಲ.”

ಒಂದೊಂದು ಮಾತನ್ನೂ ಅವನು ಕಣ್ಣಿಗೆ ಕಟ್ಟಿದಂತೆ ಹೇಳಿದ. ಮುದುಕನ ಮುಖ ಅರಳಿತು. ಮುಂದಿನ ಮರದಲ್ಲಿದ್ದ ಗೂಡುಗಳನ್ನು ಬಿಟ್ಟು, ತೋಟದ ಒಳಗೆ ನಡೆದು, ಮಡಕೆಯಷ್ಟು ದಪ್ಪದ ಗೂಡೊಂದನ್ನು ಕೊಂಬೆಯ ಸಮೇತ ಕತ್ತರಿಸಿ ಚೀಲದೊಳಗೆ ಇಳಿಸಿದ. ಇರುವೆಗಳು ಅವನ ಮಣಿಕಟ್ಟಿಗೆ ಮುತ್ತಿಕೊಂಡವು. ಅವನು ಬೈಯುತ್ತ, ನಗುತ್ತ ಉಜ್ಜಿಕೊಂಡ.

“ರಾಣಿ ಇರೋ ಗೂಡು. ಸುಮ್ಮಸುಮ್ಮನೆ ಯಾರಿಗೂ ಕೊಡಲ್ಲ ಇದನ್ನ,” ಎಂದ. “ಒಳ್ಳೇ ಮನೆಗೆ ಹೋಗ್ತಿದೆ ಅಂತ ಕೊಡ್ತಿದ್ದೀನಿ.”

ಪುಯ್‌ಲಾಮ್ ಚೀಲದ ಬಾಯಿ ಕಟ್ಟಿದ. ಬೆಟ್ಟವಿಳಿದು ಬರುವಷ್ಟು ದಾರಿಯೂ ಬೆನ್ನ ಮೇಲೆ ಗೋಣಿಯೊಳಗಿನಿಂದ ಸಣ್ಣ ಮಳೆಯಂಥ ಸರಸರ ಸದ್ದು ಬರುತ್ತಿತ್ತು.

ಸಾಲಿನ ಕಡೆಯ ಕಿತ್ತಳೆಯಲ್ಲಿ ಗೂಡನ್ನು ಕಟ್ಟಿದ. ಚೀಲ ಬಿಚ್ಚುವಾಗ ಅವು ಅವನ ತೋಳನ್ನು ಕಚ್ಚಿ ಕಚ್ಚಿ ಕೆಂಪು ಮಾಡಿದವು. ಅವನು ಕೈ ಹಿಂತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆಲ್ಲ ಕೆಲಸಕ್ಕೆ ತೊಡಗಿದವು. ಒಂದು ಸಾಲು ಎರಡು ಎಲೆಗಳ ಅಂಚನ್ನು ಹಿಡಿದು ಎಳೆದು ಹತ್ತಿರ ತಂದಿತು. ಇನ್ನೊಂದು ಸಾಲು ಮರಿಗಳನ್ನು ಬಾಯಲ್ಲಿ ಹಿಡಿದು, ಅವುಗಳ ಬಾಯಿಂದ ಹೊಮ್ಮುವ ನೂಲನ್ನು ಲಾಳಿಯಂತೆ ಆಚೀಚೆ ಆಡಿಸುತ್ತ ಎಲೆಗಳನ್ನು ಹೊಲಿಯತೊಡಗಿತು. ಗೂಡು ಗಟ್ಟಿಯಾಗುತ್ತಿತ್ತು. ವರ್ಷಗಟ್ಟಲೆ ಇರುವವರು ಕಟ್ಟುವ ಹಾಗೆ ಕಟ್ಟುತ್ತಿದ್ದವು.

ಹಿಂದೆ ಹೆಜ್ಜೆಯ ಸದ್ದಾಯಿತು. ಕಾಮ್‌ತೋ ಕೈಯಲ್ಲಿ ಹುರಿಯ ಉಂಡೆ ಹಿಡಿದು ನಿಂತಿದ್ದಳು. ಅವಳ ಹಿಂದೆ, ಚಕ್ಕೋತಗಳಿದ್ದ ಬಯಲಿನಲ್ಲಿ, ಮೊಳಕಾಲೆತ್ತರದ ಕಿತ್ತಳೆ ಸಸಿಗಳು. ಚಿಗುರನ್ನು ಹುಳು ತಿಂದು ಬರೀ ಕಡ್ಡಿ ಉಳಿಸಿತ್ತು.

“ಬಂದ್ವಾ?”

“ಹ್ಞೂಂ.”

“ನನ್ನ ಸಸಿಗೂ ಒಂದು ಗಳ ಕಟ್ತೀಯಾ?” ಎಂದು ಕೇಳಿ, ತನ್ನ ಮಾತಿಗೆ ತಾನೇ ಕುಗ್ಗಿದಂತೆ ಹುರಿಯನ್ನು ಅಂಗಿಯಂಚಿನಿಂದ ಒರೆಸಿದಳು.

“ಗಳದ ಭಾರ ತಡೆಯಲ್ಲ ಅತ್ತಿಗೆ. ಇನ್ನೂ ಕೂಸು.”

ಅವಳು ತಲೆದೂಗಿದಳು. ಇಬ್ಬರೂ ಮರದ ಕಡೆಗೇ ನೋಡುತ್ತಿದ್ದರು. ಅವಳು ಕೇಳಿದಳು, “ಚಳಿಗಾಲಕ್ಕೆ ಇವು ಎಲ್ಲಿಗೆ ಹೋಗ್ತಾವೆ?”

ಆಗಲೇ ಇರುವೆಗಳಿಗೆ ಮುರಿದ ಗಳ ಸಿಕ್ಕಿತ್ತು. ಚಳಿಗಾಲದ ದಾರಿಯನ್ನು ಬೇಸಗೆಗೆ ಮೊದಲೇ ತಿಳಿದಿಡುವ ಜಾತಿ ಅದು. ನಾಲ್ಕಾರು ಮುಂದಾಗಿ ಬಿದಿರಿನ ಮೇಲೆ ನೇರ ನಡೆದವು. ಸೀಳಿದ ತುದಿಗೆ ಬಂದು, ಮುಂಗಾಲು ಎತ್ತಿ, ಮೀಸೆಯಿಂದ ಗಾಳಿಯನ್ನು ತಡವಿದವು. ತಿರುಗಿ ಬಂದವು. ಎದುರಿಗೆ ಬರುತ್ತಿದ್ದವು ಅವುಗಳ ಬಾಯಿಗೆ ಬಾಯಿ ತಾಗಿಸಿ, ಬದಿಗೆ ಸರಿದು ದಾರಿ ಕೊಟ್ಟು, ಅದೇ ತುದಿಗೆ ನಡೆದವು.

ಕಾಮ್‌ತೋ ಕೈಯಲ್ಲಿದ್ದ ಹುರಿಯನ್ನು ಅವನತ್ತ ಚಾಚಿದಳು. ಪುಯ್‌ಲಾಮ್ ಅದನ್ನು ಇಸಿದುಕೊಂಡ. ಆ ಗಳವನ್ನು ಕಟ್ಟಲು ಅತ್ತ ಕಡೆ ಏನೂ ಇರಲಿಲ್ಲ.